ಚಿತ್ರದಲ್ಲಿಲ್ಲದ ಬೆಕ್ಕು

ಮಾರ್ಚ್ 3, ಭಾನುವಾರ, ಸಂಜೆ

ಮ್ಯೂಸಿಯಮ್ಮಿಗೆ ಹೋಗಿ ಬಂದೆ. ಮನೆ ಬೀಗ ಹಾಕಿದೆನೋ ಇಲ್ಲವೋ ಅಂತ ಅರ್ಧ ದಾರಿಯಿಂದ ವಾಪಸ್ಸು ಬಂದು ನೋಡಿದ್ದಾಯ್ತು. ಹಾಕಿತ್ತು.

ಅಕ್ಕ ಇರೋದು ಬೇರೆ ಊರಲ್ಲಿ, ಮಗನ ಮನೇಲಿ. ಕಣ್ಣಿಗೆ ಪೊರೆ ಬಂದಮೇಲೆ ಅವಳ ಬದಲು ನೋಡುವ ಕೆಲಸ ನನ್ನದು. ನೋಡಿ ಬಂದು ಫೋನಲ್ಲಿ ಹೇಳಬೇಕು. ಇವತ್ತು ತಲೆ ಇಲ್ಲದ ಕಲ್ಲಿನ ಹೆಂಗಸು. ಬೋರ್ಡು ಅಕ್ಷರ ಕೂಡಿಸಿ ಓದಿದೆ — ಸಾವಿರಾರು ವರ್ಷದ್ದಂತೆ. ಬಟ್ಟೆಯ ನೆರಿಗೆ ಮಾತ್ರ ಈಗಷ್ಟೇ ಒದ್ದೆಯಾದ ಹಾಗೆ.

“ತಲೆ ಇಲ್ಲ ಅಂದ್ಮೇಲೆ ಅವಳು ಎಂಥವಳು ಅಂತ ಹೇಗೆ ಗೊತ್ತಾಗುತ್ತೇ, ಪುಕ್ಕಲಿ?” ಅಂದಳು ಫೋನಲ್ಲಿ.

“ಸೊಂಟದ ಮೇಲೆ ಕೈಯಿಟ್ಟು ನಿಂತಿದಾಳೆ. ನಿನ್ನ ಥರಾನೇ ಜೋರು.”

ನಕ್ಕಳು. ವಾರಕ್ಕೆ ನನಗೆ ಇದೊಂದೇ ಮಾತುಕತೆ.

ಮಾರ್ಚ್ 10

ಹೊರದೇಶದ ಹಳೇ ಚಿತ್ರ. ಕಿಟಕಿ ಹತ್ತಿರ ಒಬ್ಬಳು ಹೊಲೀತಾ ಕೂತಿದಾಳೆ. ಬೆಳಕು ಕುತ್ತಿಗೆ ಮೇಲೆ ಮಾತ್ರ.

“ಜೊತೇಲಿ ಯಾರಿದಾರೆ?” ಅಂದಳು ಅಕ್ಕ.

ಯಾರೂ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಬೆಕ್ಕಿದೆ ಅಂದುಬಿಟ್ಟೆ. ಬೂದು ಬಣ್ಣ, ಕಾಲ ಹತ್ತಿರ. ಯಾಕೆ ಹಾಗಂದೆನೋ...

ಮಾರ್ಚ್ 11

ಅಕ್ಕನ ಮಗನ ಫೋನು. “ಚಿಕ್ಕಮ್ಮ, ಗುರುವಾರ ಅಮ್ಮಂಗೆ ಆಪರೇಷನ್. ಏನೂ ಹೆದರ್ಕೋಬೇಡಿ.”

ಹೆದರಿದ್ದು ಅದಕ್ಕಲ್ಲ. ಕಣ್ಣು ಸರಿಹೋದರೆ ಅವಳಿಗೆ ನಾನ್ಯಾಕೆ? ಥೂ, ಎಂಥ ತಂಗಿ ನಾನು.

ಏಪ್ರಿಲ್ 7

ಅಕ್ಕ ಬಂದಿದ್ದಳು, ಮ್ಯೂಸಿಯಮ್ಮಿಗೆ ಕರಕೊಂಡು ಹೋದೆ. ಕಪ್ಪು ಕನ್ನಡಕ ತೆಗೆದು ಆ ಹೊಲಿಯೋಳ ಚಿತ್ರದ ಮುಂದೆ ನಿಂತೇ ನಿಂತಳು.

“ಬೆಕ್ಕೆಲ್ಲೇ?”

ನಾನು ನೆಲ ನೋಡಿದೆ.

“ಹಾಲಿಗೆ ಅಂತ ಎದ್ದು ಹೋಗಿರಬೇಕು ಬಿಡು” ಅಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಎಲ್ಲಾ ತಾನೇ ನೋಡಿದಳು, ಬೋರ್ಡೂ ತಾನೇ ಓದಿದಳು. ಚೀನಾದವರು ಮಸೀಲಿ ಬರೆದ ಬೆಟ್ಟಗಳ ಚಿತ್ರದ ಹತ್ತಿರ, “ಅರ್ಧ ಕಾಗದ ಖಾಲಿ ಬಿಟ್ಟಿದಾನಲ್ಲ, ಬೆಟ್ಟಕ್ಕೆ ಕವಿದ ಮಂಜು ಅದೇ ಕಣೇ” ಅಂದಳು. ಮುಗಿಸದೇ ಬಿಟ್ಟ ಚಿತ್ರ ಅಂದುಕೊಂಡಿದ್ದೆ ನಾನು. ಹಿಂದೆ ಹಿಂದೆ ಚೀಲ ಹಿಡಕೊಂಡು ನಡೆದೆ.

ಏಪ್ರಿಲ್ 14, ಭಾನುವಾರ

ಅಕ್ಕನ ಫೋನು ಬರಲಿಲ್ಲ. ಚಾರ್ಜಿದೆಯಾ ನೋಡಿದೆ. ಇದೆ.

ಏಪ್ರಿಲ್ 21, ಸಂಜೆ

ಇವತ್ತೂ ಇಲ್ಲ. ಆದರೂ ಹೋಗಿ ಬಂದೆ. ಚಿತ್ರದವಳು ಹೊಲೀತಾನೇ ಇದಾಳೆ. ಕಾಲ ಹತ್ತಿರದ ಖಾಲಿ ಜಾಗವೇ ಕಣ್ಣಿಗೆ ಬೀಳುತ್ತೆ ಈಗ.

ನಾನೇ ಮಾಡಿದೀನಿ ಫೋನು. ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟು ಬರೀತಿದೀನಿ, ಕೈ ಸುಮ್ಮನಿರಲ್ಲ. ರಿಂಗಾಗ್ತಿದೆ. ಊಟಕ್ಕೆ ಕೂತಿದಾಳೋ ಏನೋ. ಎತ್ತಿದರೆ ಹೇಳ್ತೀನಿ — ಅಕ್ಕಾ, ಬೆಕ್ಕು ವಾಪಸ್ಸು ಬಂ—