ನೀನು ಬಿಟ್ಟುಹೋದ ಜಾಗದಲ್ಲಿ ಮನೆಯಿಲ್ಲ

ಪುಲೋ ಸೂಕೆ, ಪಿದಿಯೆ
ಶುಕ್ರವಾರ, ೧೪ ಡಿಸೆಂಬರ್ ೧೯೭೩

ಪ್ರೀತಿಯ ಸಪಿಯಾ,

ಅಸ್ಸಲಾಮು ಅಲೈಕುಂ. ಕಣ್ಣು ಹೇಗಿದೆ? ಉರಿ ನಿಂತಿತೇ? ನೀರು ಸೋರುವುದು ಕಡಿಮೆಯಾಯಿತೇ? ಕಟ್ಟು ಬಿಚ್ಚಿದಾಗ ನೀನು ಮೊದಲು ಗುರುತು ಹಿಡಿದದ್ದು ಕಿಟಕಿಯಾಚೆ ಹೋಗುತ್ತಿದ್ದ ಕೆಂಪು ಸೈಕಲ್ ರಿಕ್ಷಾವನ್ನು ಎಂದು ನಿನ್ನ ಅಣ್ಣ ಜಲೀಲ್ ಬರೆದಿದ್ದಾರೆ. ಅವರ ಕಾಗದ ನಿನ್ನೆ ಬೆಳಿಗ್ಗೆ ಕೈಗೆ ಬಂತು. ಮೂರು ಸಲ ನಾನೊಬ್ಬನೇ ಓದಿಕೊಂಡೆ, ನಾಲ್ಕನೆಯ ಸಲ ಕಾಫಿ ಅಂಗಡಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಓದಿದೆ. ಇನ್ನು ಮೇಲೆ ನೀನು ನಗಬಹುದು, ಅಳಬಹುದು, ಬೈಯಬಹುದು, ಭಾರ ಮಾತ್ರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದಾರಂತೆ. ಆ ಸಾಲು ಓದಿ ನನಗೆ ಎಷ್ಟು ನಿರಾಳವಾಯಿತು ಎಂದರೆ, ಕೂಡಲೇ ಕಾಗದ ಪೆನ್ನು ಹುಡುಕಲು ಹೊರಟೆ. ಹದಿನೈದು ದಿನದಿಂದ ಈ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿ ನನಗೇ ಕಾಯಿಲೆ ಬರುವುದರಲ್ಲಿತ್ತು.

ಜಲೀಲ್ ಭಾವನ ಮಗಳೇ ಮರ್ದಿಯಾ, ನೀನೇ ತಾನೇ ಅತ್ತೆಗೆ ಓದಿ ಹೇಳುತ್ತಿರುವುದು? ಇಲ್ಲಿಂದ ಮುಂದೆ ಸ್ವಲ್ಪ ನಿಧಾನಕ್ಕೆ ಓದಮ್ಮ. ಅತ್ತೆಯನ್ನು ಮೊದಲು ಕೂರಿಸು. ಕೈಗೆ ಸಿಗುವ ಹಾಗೆ ಚಪ್ಪಲಿ ಗಿಪ್ಪಲಿ ಏನನ್ನೂ ಇಡಬೇಡ.

ಸಪಿಯಾ, ನಾನು ಚೆನ್ನಾಗಿದ್ದೇನೆ. ನಮ್ಮ ಇಬ್ಬರು ಗಂಡುಮಕ್ಕಳು ಅವರವರ ಹೆಂಡತಿಯರ ಮನೆಯಲ್ಲಿ ಚೆನ್ನಾಗಿದ್ದಾರೆ. ನಿನ್ನ ಕೋಳಿಗಳಲ್ಲಿ ಒಂದೂ ಕಮ್ಮಿಯಾಗಿಲ್ಲ. ನಿನ್ನ ಮನೆಯೂ ಚೆನ್ನಾಗಿದೆ, ಒಂದು ಹಲಗೆ ಸೀಳಿಲ್ಲ, ಒಂದು ತೊಲೆ ಮುರಿದಿಲ್ಲ. ಆದರೆ ನೀನು ಬಿಟ್ಟುಹೋದ ಜಾಗದಲ್ಲಿ ಅದು ಇಲ್ಲ.

ಪೂರ್ತಿ ಕೇಳು, ಆಮೇಲೆ ಬೈ. ನೀನು ಮೇದಾನಿನ ಬಸ್ಸು ಹತ್ತಿದ ಆರನೆಯ ದಿನ ಬೆಟ್ಟದ ಕಡೆ ಮಳೆ ಹಿಡಿಯಿತು. ಹೊಳೆ ಕೆಂಪಾಗಿ ಬಂತು. ಅದೇನು ಹೊಸದಲ್ಲ. ಆದರೆ ಇಪ್ಪತ್ತಾರು ವರ್ಷ ಈ ಹೊಳೆಯ ಮೇಲೆ ತೆಪ್ಪ ಎಳೆದ ಕಿವಿ ನನ್ನದು. ಈ ಸಲದ ಸದ್ದು ಬೇರೆಯಿತ್ತು. ನೀರು ಮುಂದಕ್ಕೆ ಹೋಗುವ ಬದಲು ನಮ್ಮ ದಡದ ಕೆಳಗೆ ಹೊಕ್ಕು ಗೊಳಗೊಳ ಎನ್ನುತ್ತಿತ್ತು. ತೆಪ್ಪದಲ್ಲಿ ಹೋಗಿ ದಡದ ಬುಡಕ್ಕೆ ಬಿದಿರು ಗಳ ಚುಚ್ಚಿ ನೋಡಿದೆ. ಎರಡು ಮಾರು ಸಲೀಸಾಗಿ ಒಳಗೆ ಹೋಯಿತು! ಮೇಲೆ ಹುಲ್ಲು, ತೆಂಗು, ನಿನ್ನ ಮೆಣಸಿನ ಗಿಡ; ಕೆಳಗೆ ಬರೀ ಪೊಳ್ಳು. ಅಡುಗೆಮನೆಯಿಂದ ದಡಕ್ಕೆ ಹನ್ನೊಂದು ಹೆಜ್ಜೆ ಇತ್ತು. ಮರುದಿನ ಸಂಜೆ ಒಂದು ತೆಂಗಿನ ಮರ ಹೋದ ಮೇಲೆ ಅಳೆದರೆ ಏಳು.

ನಾನು ಊರ ಮುನಾಸಾಕ್ಕೆ ಓಡಿದೆ. ಪ್ರಾರ್ಥನೆ ಮುಗಿಸಿ ಎಲ್ಲರೂ ಅಲ್ಲೇ ಕೂತಿದ್ದರು. ಹೇಳಿದರೆ ಮೊದಲು ನಕ್ಕರು. "ಹೊಳೆಯ ಅಳಿಯ ಬಂದ, ಅತ್ತೆ ಮನೆ ಸುದ್ದಿ ತಂದಿದ್ದಾನೆ" ಎಂದರು. ಆದರೆ ಬಡಗಿ ಪುತೆ ಅಜ್ಜ ನಗಲಿಲ್ಲ. ಎದ್ದು ಬಂದು, ದಡದ ಮೇಲೆ ಬೋರಲಾಗಿ ಮಲಗಿ, ನೆಲಕ್ಕೆ ಕಿವಿಯಿಟ್ಟು ಕೇಳಿದರು. ಆಮೇಲೆ ಅವರು ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ: "ಈ ಮನೇಲಿ ಒಂದು ಮೊಳೆ ಇಲ್ಲ. ನಮ್ಮಪ್ಪ ಬೆಣೆ ಹೊಡೆದು ನಿಲ್ಲಿಸಿದ್ದು. ಬೆಣೆ ತೆಗೆದು ನಾನು ಇದನ್ನ ನಡೆಸ್ಕೊಂಡು ಹೋಗ್ತೀನಿ. ಎಲ್ಲಿಗೆ ಅಂತ ಹೇಳಿ, ಸಾಕು."

ಎಲ್ಲಿಗೆ ಎನ್ನುವುದಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ ಬಂತು. ಊರ ಯಜಮಾನ ಮಕಾಮ್ ನನ್ನ ಹೆಗಲ ಮೇಲೆ ಕೈಯಿಟ್ಟು, "ಹಸ್ಬಲ್ಲಾ, ನೀನು ಒಡತಿಯ ಗಂಡ, ಮನೆ ನಿನ್ನದಲ್ಲ ಕಣಪ್ಪಾ. ಅವಳ ಬಾಯಿಂದ ಹೂಂ ಅಂತ ಬರಬೇಕು. ಇವತ್ತೇ ಮೇದಾನಿಗೆ ತಂತಿ ಕೊಡು" ಎಂದರು. ನ್ಯಾಯವಾದ ಮಾತೇ. ನಮ್ಮಲ್ಲಿ ಹೆಂಡತಿಗೆ ಮನೆಯೊಡತಿ ಎನ್ನುವುದು ಬಾಯಿಮಾತಿಗಲ್ಲ. ಮೂವತ್ತೊಂದು ವರ್ಷದಿಂದ ನಿನ್ನ ಮನೆಯಲ್ಲಿ ಉಂಡು ಮಲಗಿದವನು ನಾನು. ನಿನ್ನನ್ನು ಕೇಳದೆ ಒಂದು ಗೂಟವನ್ನೂ ಹೊಡೆದಿಲ್ಲ. ಆದರೆ ಹದಿನೈದು ದಿನ ನೀನು ಅಳಬಾರದು, ಕೂಗಬಾರದು, ತಟ್ಟನೆ ಎದ್ದು ಕೂರಲೂ ಬಾರದು, ಹೊಲಿಗೆ ಬಿಚ್ಚಿದರೆ ಕಣ್ಣು ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರಲ್ಲ! ನಾನು ಯಜಮಾನರನ್ನೇ ಕೇಳಿದೆ: "ನಿನ್ನ ಮನೆ ಹೊಳೆಗೆ ಹೋಗ್ತಿದೆ, ಆದ್ರೆ ಕೂಗಬೇಡ ಅಂತ ಸಪಿಯಾಗೆ ಹೇಗೆ ತಂತಿ ಕೊಡೋದು ಯಜಮಾನ್ರೇ, ನೀವೇ ಬರೆದುಕೊಡಿ." ಇಡೀ ಮುನಾಸಾ ನಕ್ಕಿತು. ನಿನ್ನ ಗಂಟಲು ಅವರಿಗೆಲ್ಲ ಗೊತ್ತು. ಆದರೆ ನನಗೆ ನಗು ಬರಲಿಲ್ಲ. ನಿನ್ನ ಕಣ್ಣು ಒಂದು ಕಡೆ, ನಿನ್ನ ಮನೆ ಇನ್ನೊಂದು ಕಡೆ. ಕಣ್ಣೇ ಉಳಿಯಲಿ ಎಂದುಕೊಂಡೆ. ಮನೆ ಹೋದರೆ ನಿನ್ನ ಬಳಿ ಕೈಮುಗಿದು ನಿಲ್ಲುತ್ತೇನೆ ಎಂದು ಗಟ್ಟಿಮಾಡಿಕೊಂಡೆ.

ಜಾಗವೂ ಇರಲಿಲ್ಲ, ನೋಡು. ನಮ್ಮದೆಲ್ಲ ಗದ್ದೆ, ಮೊಣಕಾಲುದ್ದ ನೀರು. ಎರಡು ದಿನ ಹೀಗೇ ಹೋಯಿತು. ಏಳು ಹೆಜ್ಜೆ ಐದಾಯಿತು. ಮೂರನೆಯ ದಿನ ನಾನು ನಿನ್ನ ಪಾತ್ರೆ, ಪೆಟ್ಟಿಗೆಗಳನ್ನು ಕೆಳಗಿಳಿಸುತ್ತಿದ್ದಾಗ ಮೆಟ್ಟಿಲ ಬಳಿ ಯಾರೋ ಕೆಮ್ಮಿದರು. ನೋಡಿದರೆ ನಿನ್ನ ಅಕ್ಕ ರುಕಾಯಾ!

ಹೌದು, ರುಕಾಯಾನೇ. ಆ ದುರಿಯನ್ ಮರ ಬೇಲಿಯ ಯಾವ ಕಡೆಯದು ಎಂಬ ಜಗಳದ ಮೇಲೆ ಎಂಟು ವರ್ಷದಿಂದ ನಿನ್ನ ಜೊತೆ ಮಾತು ಬಿಟ್ಟವಳು. ಸೊಂಟಕ್ಕೆ ಕೈಯಿಟ್ಟು ನಿಂತು, ನನ್ನ ಮುಖ ನೋಡದೆ ಮನೆಯ ಮಾಡು ನೋಡುತ್ತಾ ಹೇಳಿದಳು: "ನನ್ನ ಹಿತ್ತಲು ಎತ್ತರದಲ್ಲಿದೆ. ಅರ್ಧ ಖಾಲಿ ಬಿದ್ದಿದೆ. ತಂದು ನಿಲ್ಲಿಸಿ." ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. "ಏನು ನೋಡ್ತೀಯಾ? ನಾನು ಹುಟ್ಟಿದ್ದು ಈ ಮನೇಲಿ. ನಮ್ಮಮ್ಮ ಕಣ್ಣು ಮುಚ್ಚಿದ್ದು ಈ ಮನೇಲಿ. ಕಿರಿಯವಳು ಅಂತ ಅಮ್ಮ ಅವಳಿಗೆ ಕೊಟ್ಟರು, ಸರಿ. ಹೊಳೆಗೆ ಹೋದ್ರೆ ಅವಳದ್ದು ಮಾತ್ರ ಹೋಗುತ್ತಾ?" ಹೋಗುವಾಗ ತಿರುಗಿ, "ನಾನಾಗಿ ಕೊಟ್ಟೆ ಅಂತ ಅವಳಿಗೆ ಹೇಳಬೇಡ. ನೀನು ಬೇಡಿಕೊಂಡೆ, ಕಾಲಿಗೆ ಬಿದ್ದೆ ಅಂತ ಹೇಳು" ಎಂದಳು. ನಾನು ಹೂಂ ಎಂದಿದ್ದೆ. ಆದರೆ ಈಗಷ್ಟೇ ಶುಕ್ರವಾರದ ಪ್ರಾರ್ಥನೆ ಮುಗಿಸಿ ಬಂದು ಬರೆಯುತ್ತಿದ್ದೇನೆ, ಸುಳ್ಳು ಬರೆಯಲು ಕೈ ಬರಲಿಲ್ಲ. ನಿನಗೆ ಗೊತ್ತಿದೆ ಎಂದು ಅವಳಿಗೆ ಗೊತ್ತಾಗದಿರಲಿ.

ಹೋದ ವಾರ ಸೋಮವಾರ ಬೆಳಿಗ್ಗೆ ಊರಿಗೆ ಊರೇ ಬಂತು. ನಲವತ್ತಕ್ಕೂ ಹೆಚ್ಚು ಗಂಡಸರು, ಸಪಿಯಾ! ನಮ್ಮ ಮಕ್ಕಳಿಬ್ಬರೂ ಬಂದರು. ಹೆಂಗಸರು ರುಕಾಯಾಳ ಹಿತ್ತಲಲ್ಲಿ ಒಲೆ ಹೂಡಿ ದೊಡ್ಡ ಹಂಡೆಯಲ್ಲಿ ಹಲಸಿನಕಾಯಿ ಸಾರು ಇಟ್ಟರು. ಕಂಬಗಳಿಗೆ ತಣ್ಣೀರು ಚಿಮುಕಿಸಿ, ಅರಿಶಿನದ ಅಂಟಕ್ಕಿ ಅನ್ನ ಇಟ್ಟು, ದುವಾ ಓದಿದೆವು. ಪುತೆ ಅಜ್ಜ ಒಂದೊಂದು ಹಲಗೆಗೂ ಸುಣ್ಣದಲ್ಲಿ ಗುರುತು ಹಾಕಿದರು. ಎಲ್ಲ ತಯಾರಾದ ಮೇಲೆ ಮಾಡಿನ ಹಗ್ಗದ ಮುಂದೆ ನಿಂತೆವು. ಬೆಂಕಿ ಬಿದ್ದರೆ ಒಂದೇ ಏಟಿಗೆ ಕಡಿದು ಹುಲ್ಲುಮಾಡನ್ನು ಜಾರಿಸಲು ಕಟ್ಟಿರುತ್ತಾರಲ್ಲ, ಅದೇ ಹಗ್ಗ. ಮನೆ ಎದ್ದಾಗಿನಿಂದ ಅದರ ಮೇಲೆ ಮಚ್ಚು ಬಿದ್ದಿಲ್ಲ. ಯಜಮಾನರು ನನ್ನ ಕಡೆ ನೋಡಿದರು. ನಾನು ಹಿಂದೆ ಸರಿದೆ. ಅಳಿಯನ ಕೈ ಅದಕ್ಕೆ ಸಲ್ಲದು. ಪುತೆ ಅಜ್ಜನೂ ಸರಿದರು. ಆಗ ರುಕಾಯಾ ಒಲೆಯ ಮುಂದಿನಿಂದ ಎದ್ದು, ಸೆರಗಿಗೆ ಕೈ ಒರೆಸಿಕೊಂಡು ಬಂದು ಮಚ್ಚು ತೆಗೆದುಕೊಂಡಳು. "ಅಮ್ಮಾ, ಉಳಿಸೋದಕ್ಕೇ ಕಡೀತಾ ಇದೀನಿ" ಎಂದಳು, ನಮಗ್ಯಾರಿಗೂ ಅಲ್ಲ. ಒಂದೇ ಏಟು. ಅಷ್ಟು ದೊಡ್ಡ ಮಾಡು ಸರ್ರನೆ ಜಾರಿ ಅಂಗಳಕ್ಕೆ ಬಂತು. ಅರವತ್ತು ವರ್ಷದ ಮಸಿ ನಮ್ಮ ತಲೆಯ ಮೇಲೆ! ಒಬ್ಬರ ಮುಖ ಒಬ್ಬರಿಗೆ ಗುರುತಾಗಲಿಲ್ಲ. ರುಕಾಯಾ ಅತ್ತಳೋ ಮಸಿ ಕಣ್ಣಿಗೆ ಬಿತ್ತೋ, ನಾನು ಕೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗೋಡೆ, ನೆಲ, ತೊಲೆ ಎಲ್ಲ ಹೊರಟವು. ಇರುವೆ ಸಾಲಿನ ಹಾಗೆ ಜನ. ಕಂಬಗಳೂ ಹೋದವು. ಕೊನೆಗೆ ಉಳಿದದ್ದು ಅಡುಗೆಮನೆ ಕಡೆಯ ಒಂದು ಕಂಬ. ಅದನ್ನು ಕಲ್ಲಿನಿಂದ ಎತ್ತಲು ಪುತೆ ಅಜ್ಜ ಬುಡಕ್ಕೆ ಹಾರೆ ಕೊಟ್ಟರು, ನಾನು ಪಕ್ಕದಲ್ಲಿದ್ದೆ. ನೆಲ ಮೆತ್ತಗೆ ಅದುರಿದ ಹಾಗಾಯಿತು. ಆ ಅದುರು ನನಗೆ ಗೊತ್ತು. "ಅಜ್ಜಾ, ಬನ್ನಿ!" ಎಂದು ಕಿರುಚುವಷ್ಟರಲ್ಲಿ ಅವರ ಬೆನ್ನ ಹಿಂದೆ ಕೋಣೆಯಷ್ಟು ದಡ ಸದ್ದಿಲ್ಲದೆ ಹೋಯಿತು. ಅಜ್ಜ ಕಂಬ ಅಪ್ಪಿಕೊಂಡು ಜಾರಿದರು. ನಾನು ಬೋರಲು ಬಿದ್ದು ಕೈಗೆ ಸಿಕ್ಕಿದ್ದನ್ನು ಹಿಡಿದೆ. ಸಿಕ್ಕಿದ್ದು ಲುಂಗಿ. ಅವರೋ, ಕೆಳಗಿನಿಂದ, "ನನ್ನ ಬಿಡೋ ಮುಠ್ಠಾಳ, ಕಂಬ ಹಿಡಿ! ನಮ್ಮಪ್ಪನ ಕಂಬ!" ಎಂದು ಬೈಯುತ್ತಿದ್ದಾರೆ! ನಮ್ಮ ದೊಡ್ಡವನು ಓಡಿಬಂದು ಅವರ ತೋಳು ಹಿಡಿದ, ಚಿಕ್ಕವನು ಕಂಬ ಹಿಡಿದ. ಅಜ್ಜ ಮೇಲೆ ಬಂದರು, ಕಂಬವೂ ಬಂತು, ಲುಂಗಿ ಮಾತ್ರ ಹೊಳೆಯಲ್ಲಿ ಹೋಯಿತು. ಹೆಂಗಸರೆಲ್ಲ ಮುಖ ತಿರುಗಿಸಿ ನಿಂತು ನಕ್ಕದ್ದೇ ನಕ್ಕದ್ದು. ನಾನು ಮಾತ್ರ ಸಾರು ಉಣ್ಣುವಾಗಲೂ ಅಜ್ಜನ ಪಕ್ಕ ಬಿಟ್ಟು ಏಳಲಿಲ್ಲ. ಎಪ್ಪತ್ತೆರಡು ವರ್ಷದ ಜೀವ, ಸಪಿಯಾ. ನಿನ್ನ ಮನೆಗಾಗಿ ಆ ಜೀವ ಹೋಗಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ.

ಬುಧವಾರ ಸಂಜೆಗೆ ಮನೆ ಎದ್ದು ನಿಂತಿತು. ಮೊದಲು ರಾಜಕಂಬ, ಆಮೇಲೆ ರಾಣಿಕಂಬ, ಮುಖ ಪ್ರಾರ್ಥನೆಯ ದಿಕ್ಕಿಗೆ, ಕಿಬ್ಲಾದ ಕಡೆಗೆ, ಎಲ್ಲ ಮೊದಲಿದ್ದ ಹಾಗೆ. ದುರಿಯನ್ ಮರದಿಂದ ಇಪ್ಪತ್ತು ಹೆಜ್ಜೆ ದೂರ ನಿಲ್ಲಿಸಿದ್ದೇವೆ, ಮುಳ್ಳುಹಣ್ಣು ತಲೆಗೆ ಬಿದ್ದೀತೆಂದೂ ಹೆದರಿ, ಜಗಳಕ್ಕೂ ಹೆದರಿ. ನಿನ್ನೆ ಗುರುವಾರ ಮಧ್ಯಾಹ್ನ ನಾನು ತೆಪ್ಪದ ಮೇಲಿದ್ದೆ. ನನ್ನ ಕಣ್ಣೆದುರಿಗೇ ನಮ್ಮ ಹಳೆಯ ಅಂಗಳ, ಬಾವಿ, ಮೆಣಸಿನ ಗಿಡ, ಕಂಬದ ಕಲ್ಲುಗಳು, ಎಲ್ಲ ಒಟ್ಟಿಗೆ ಹೊಳೆಗೆ ಇಳಿದವು. ಈಗ ಅಲ್ಲಿ ನೀರು ಹರಿಯುತ್ತಿದೆ. ತೆಪ್ಪದಲ್ಲಿದ್ದವರು ಅಯ್ಯೋ ಎಂದರು. ನಾನು ಮಾತ್ರ ಗಟ್ಟಿಯಾಗಿ ನಕ್ಕುಬಿಟ್ಟೆ, ಹುಚ್ಚನ ಹಾಗೆ! ಹೊಳೆಗೆ ಸಿಕ್ಕಿದ್ದು ಬರೀ ಮಣ್ಣು.

ಜಲೀಲ್ ಭಾವನಿಗೆ, ಅತ್ತಿಗೆಗೆ ನನ್ನ ಸಲಾಂ ಹೇಳು. ಮರ್ದಿಯಾಳ ಓದು ಬೆಳೆಯಲಿ, ಅಲ್ಲಾಹ ನಿನ್ನ ಎರಡೂ ಕಣ್ಣುಗಳನ್ನು ಕಾಯಲಿ. ಔಷಧಿಯ ಹನಿ ಹಾಕಿಸಿಕೊಳ್ಳುವಾಗ ಹಟ ಮಾಡಬೇಡ.

ನಿನ್ನ ಮನೆಯವನು,
ಹಸ್ಬಲ್ಲಾ

ಮರೆತ ಮಾತು: ಈ ಕಾಗದ ಒಯ್ಯುವ ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಮನೆಗೆ ಮೆಟ್ಟಿಲು ಇಟ್ಟಾಗಿದೆ, ಇನ್ನೂ ಯಾರೂ ಹತ್ತಿಲ್ಲ. ನಾನು ರುಕಾಯಾಳ ಜಗಲಿಯಲ್ಲಿ ಮಲಗುತ್ತಿದ್ದೇನೆ. ಒಡತಿ ಒಪ್ಪದಿದ್ದರೆ ಮತ್ತೆ ಬೆಣೆ ಬಿಚ್ಚಿ ಅವಳು ಹೇಳಿದ ಕಡೆ ನಿಲ್ಲಿಸುವುದು ಊರಿನ ಹೊಣೆ ಎಂದು ಯಜಮಾನರು ಎಲ್ಲರ ಮುಂದೆ ಮಾತು ಕೊಟ್ಟಿದ್ದಾರೆ. ನಿನಗೆ ಬೇಡವೆನಿಸಿದರೆ ತಂತಿ ಕಳಿಸು, ಒಂದೇ ಪದ ಸಾಕು, ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಒಪ್ಪಿಗೆಯಾದರೆ ತಂತಿ ಬೇಡ, ನೀನೇ ಬಾ. ರುಕಾಯಾ ದಿನಕ್ಕೆ ಎರಡು ಸಲ ಆ ಮೆಟ್ಟಿಲು ಗುಡಿಸುತ್ತಿದ್ದಾಳೆ.