ಬನ್ನಿ ಕಳಿಸಿದ ‘ಗೂಢಚಾರ’

ಮೈಕಿನ ಮುಂದೆ ನನ್ನ ಗಂಡನನ್ನು ಗೂಢಚಾರನೆಂದು ಸಾರಿದ ಮಾನ್ಯ ಪೊಲೀಸ್ ಅಧಿಕಾರಿಗಳೇ,

ನ್ಯಾಯಾಲಯ ನನ್ನ ಗಂಡ ಅಮರೇಶಪ್ಪನವರನ್ನು ಆರೋಪದಿಂದ ಮುಕ್ತಗೊಳಿಸಿ ಒಂದು ಮಳೆಗಾಲ ಕಳೆಯಿತು. ಅದನ್ನು ಹೇಳಲು ನಿಮಗೆ ಮೈಕು ಸಿಕ್ಕಿಲ್ಲ. ಇಂಗ್ಲಿಷಿನಲ್ಲಿ ಓದಿದವಳು ನಾನು. ನಿಮ್ಮ ಕಚೇರಿಗೆ ಇಂಗ್ಲಿಷಿನಲ್ಲೇ ಬರೆದೆ, ಉತ್ತರವಿಲ್ಲ. ನಮ್ಮ ಬಂಧುಗಳು ಆ ಸುದ್ದಿ ನೋಡಿದ್ದು ಕನ್ನಡ ಚಾನೆಲ್ಲುಗಳಲ್ಲಿ. ಹಾಗಾಗಿ ಈ ಬಹಿರಂಗ ಪತ್ರ ಕನ್ನಡದಲ್ಲಿ.

ಅವರು ಮಾಡಿದ್ದೇನು? ಅವರು ದುಡಿಯುತ್ತಿದ್ದ ಹೈದರಾಬಾದಿನ ರಕ್ಷಣಾ ಕಾರ್ಖಾನೆಯಲ್ಲಿ ಫೋನನ್ನು ಗೇಟಿನಲ್ಲೇ ಬಿಡಬೇಕು. ಆಯುಧಪೂಜೆಯ ದಿನ ಮಾತ್ರ ಹೆಂಡತಿ ಮಕ್ಕಳಿಗೂ ಪ್ರವೇಶ, ಫೋನಿಗೂ ಪ್ರವೇಶ. ಚೆಂಡುಹೂವಿನ ಹಾರ ಹಾಕಿದ ಯಂತ್ರದ ಮುಂದೆ ತೆಂಗಿನಕಾಯಿ ಹಿಡಿದು ನಿಂತ ಹಿರಿಯ ಅಧಿಕಾರಿಯೇ ಇವರನ್ನು ಪಕ್ಕಕ್ಕೆ ಕರೆದು ಫೋಟೊ ತೆಗೆಸಿದರು. ಮರುದಿನ ದಸರಾ. ರಾಯಚೂರು ಕಡೆಯವರಾದ ನಾವು ಬನ್ನಿ ಎಲೆಯನ್ನು ಮುಖ ನೋಡಿ ಕೊಡುವುದಿಲ್ಲ. ಮಾತು ಬಿಟ್ಟವರ ಕೈಗೂ ಇಡುತ್ತೇವೆ. ಅದೇ ಅಭ್ಯಾಸದಲ್ಲಿ ಇವರು ಆ ಫೋಟೊದ ಮೇಲೆ ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಎಂದು ಬರೆದು ಫೋನಿನಲ್ಲಿದ್ದ ಎಲ್ಲ ನಂಬರಿಗೂ ಕಳಿಸಿದರು. ಅವರಲ್ಲೊಬ್ಬಳು ಫೇಸ್‌ಬುಕ್ಕಿನಲ್ಲಿ ಪರಿಚಯವಾದ ‘ಬೀದರಿನ ವರ್ಷಾ’. ಆ ಹೆಸರಿನ ಹಿಂದೆ ಇದ್ದದ್ದು ಗಡಿಯಾಚೆಯ ಗೂಢಚಾರರು.

ವಿಚಾರಣೆ ಬೇಕಿತ್ತೇ? ಖಂಡಿತ. ನಿಮ್ಮ ಕುರ್ಚಿಯಲ್ಲಿದ್ದರೆ ನಾನೂ ಫೋನು ವಶಕ್ಕೆ ಪಡೆಯುತ್ತಿದ್ದೆ. ಇವರನ್ನು ಮೊದಲು ಬೈದವಳೂ ನಾನೇ. ಆದರೆ ತನಿಖೆ ಮುಗಿಯುವ ಮೊದಲೇ ‘ದೇಶ ಮಾರಿದವನು’ ಎಂಬ ಘೋಷಣೆಯೇ? ಮುಖಕ್ಕೆ ಮುಸುಕು ಹಾಕಿ ಹೆಸರು, ಊರು ಕೂಗುವುದು ಯಾವ ಸಭ್ಯತೆ? ಅಧಿಕೃತ ರಹಸ್ಯ ಕಾಯ್ದೆ ಹಚ್ಚುವಷ್ಟು ರಹಸ್ಯವಾದ ಆ ಫೋಟೊವನ್ನು ನಿಮ್ಮ ಬೆನ್ನ ಹಿಂದಿನ ಪರದೆಯ ಮೇಲೆ ತೋರಿಸಿದವರು ಯಾರು? ನನ್ನ ಗಂಡ ಶತ್ರುವಿಗೆ ಅರಿಯದೆ ಕಳಿಸಿದ್ದನ್ನು ನೀವು ಜಗತ್ತಿಗೆಲ್ಲ ಅರಿತೇ ಹಂಚಿದಿರಿ. ಅದೂ ಆ ಹಿರಿಯ ಅಧಿಕಾರಿಯನ್ನು ಕತ್ತರಿಸಿ ತೆಗೆದು. ಅಂಚಿನಲ್ಲಿ ಅವರ ಮೊಣಕೈ ಮಾತ್ರ ಉಳಿದಿತ್ತು. ಆ ಮೊಣಕೈ ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.

ಫೋಟೊದಲ್ಲಿ ರಹಸ್ಯವೇನೂ ಇಲ್ಲವೆಂದು ನ್ಯಾಯಾಲಯ ಹೇಳಿತು. ನಿಮ್ಮಿಂದ ಸ್ಪಷ್ಟನೆ ಬರಲಿಲ್ಲವೆಂದು ಕಾರ್ಖಾನೆ ಇವರನ್ನು ಇನ್ನೂ ಒಳಗೆ ಬಿಟ್ಟಿಲ್ಲ. ನಮ್ಮತ್ತೆ ದಿನವೂ ಟೀವಿಯ ಮುಂದೆ ಕೂತು ಮಗನ ಬಿಡುಗಡೆಯ ಸುದ್ದಿಗೆ ಕಾಯುತ್ತಾರೆ. ತೀರ್ಪು ಓದಿ ಹೇಳಿದರೂ ಅವರದು ಒಂದೇ ಮಾತು:

“ಆ ಕಾಗದ ಊರಾಗ ಯಾರು ಓದ್ತಾರವ್ವ? ಬೈದಾಂವ ಟೀವ್ಯಾಗ ಬೈದಾನ, ಅಲ್ಲೇ ಹೇಳ್ಲಿ.”

ಇದಕ್ಕಿಂತ ಒಳ್ಳೆಯ ವಾದ ನನ್ನಲ್ಲಿಲ್ಲ. ಈ ದಸರಾಕ್ಕೆ ಮುಂಚೆ, ಅದೇ ಮೈಕಿನ ಮುಂದೆ, ಅಷ್ಟೇ ಗಟ್ಟಿ ದನಿಯಲ್ಲಿ ಅಮರೇಶಪ್ಪ ನಿರಪರಾಧಿ ಎಂದು ಹೇಳಿ. ಫೋಟೊ ತೋರಿಸುವುದಾದರೆ ಈ ಸಲ ಪೂರ್ತಿ ತೋರಿಸಿ. ಕಳೆದ ದಸರಾದಲ್ಲಿ ನೆರೆಯವರು ನಮ್ಮ ಬನ್ನಿಗೆ ಕೈ ಚಾಚಲಿಲ್ಲ. ನೀವು ಬಂದರೆ ನಿಮಗೂ ಕೊಡುತ್ತೇವೆ. ಹೇಳಿದೆನಲ್ಲ, ನಾವು ಮುಖ ನೋಡಿ ಕೊಡುವವರಲ್ಲ.

ಇಂತಿ,
ನಿಮ್ಮನ್ನು ಇನ್ನೂ ‘ಮಾನ್ಯ’ರೆಂದೇ ಕರೆಯುತ್ತಿರುವ
ವೇದವತಿ, ಕುಷಾಯಿಗೂಡ, ಹೈದರಾಬಾದ್