ಕಂಕುಳ ಕೂಸು ಮತ್ತು ಹದಿನಾಲ್ಕನೆಯ ನಿಯಮ

ಬ್ಯಾಂಕುಗಳ ಮೇಲೂ ಹಣ ಪಾವತಿ ಕಂಪನಿಗಳ ಮೇಲೂ ಕಣ್ಣಿಟ್ಟಿರುವ ಕಚೇರಿಯ ಮುಖ್ಯಸ್ಥರೇ,

ಬೆಳಗಿನ ಜಾವ ಮೂರೂಕಾಲಿಗೆ ಸ್ಟೀಲ್ ಡಬ್ಬಿಯೊಂದು ಗರಗರ ಎಂದು ನನ್ನನ್ನು ಎಬ್ಬಿಸಿತು. ಮಗು ಏಳದಿರಲಿ ಎಂದು ಮೊಬೈಲನ್ನು ಅದರೊಳಗೆ ಹಾಕಿ ಮುಚ್ಚಳ ಬಿಗಿದವಳು ನಾನೇ. ಹಾಗೆ ಮಾಡಿದರೆ ಸದ್ದು ಇಮ್ಮಡಿಯಾಗುತ್ತದೆಂದು ಕಾನೂನು ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಡಬ್ಬಿಯೊಳಗೆ ಬಂದು ಕೂತದ್ದು ನಿಮ್ಮ ನೋಟಿಸು. ಇಂದು ಬೆಳಿಗ್ಗೆ ಎಂಟಕ್ಕೆ ನಿಮ್ಮ ಇಬ್ಬರು ಅಧಿಕಾರಿಗಳು ನಮ್ಮ ಮನೆಗೆ ಬಂದು, "ಬಲವಂತಕ್ಕೆ ಒಳಗಾದ ಗ್ರಾಹಕಿ"ಯಾದ ನನ್ನನ್ನು ರಕ್ಷಿಸಿ, ಬಲವಂತ ಮಾಡುತ್ತಿರುವ ವ್ಯಕ್ತಿಯಿಂದ ಆರು ಗಂಟೆ ಕಾಲ ದೂರವಿರಿಸಿ ಹೇಳಿಕೆ ಪಡೆಯುತ್ತಾರಂತೆ. ಆ ವ್ಯಕ್ತಿಯ ಚಹರೆಯನ್ನೂ ಕೊಟ್ಟಿದ್ದೀರಿ: ಬೋಳು ತಲೆ, ಬಾಯಲ್ಲಿ ಎರಡೇ ಹಲ್ಲು, ಗ್ರಾಹಕಿಯ ಕೂದಲನ್ನು ಮುಷ್ಟಿಯಲ್ಲಿ ಹಿಡಿದಿದ್ದಾನೆ, ಅಂದಾಜು ವಯಸ್ಸು ಎಪ್ಪತ್ತೆರಡು.

ಸ್ವಾಮಿ, ಅವನಿಗೆ ಐದೂವರೆ ತಿಂಗಳು. ನನ್ನ ಮಗ. ಎರಡು ಗಂಟೆಗೊಮ್ಮೆ ನನ್ನ ಹಾಲೇ ಆಗಬೇಕು, ಬಾಟಲಿ ಕಂಡರೆ ಬಾಯಿ ಬಿಗಿಯುತ್ತಾನೆ. ಆರು ಗಂಟೆ ನನ್ನನ್ನು ರಕ್ಷಿಸುವ ನೀವು ಅವನನ್ನು ಯಾರಿಂದ ರಕ್ಷಿಸುತ್ತೀರಿ?

ನಿಮ್ಮನ್ನು ಬೈಯುವ ಮುನ್ನ ತಪ್ಪೊಪ್ಪಿಗೆಯೊಂದಿದೆ. ಈ ನೋಟಿಸಿಗೆ ಆಧಾರವಾದ ಹದಿನಾಲ್ಕನೆಯ ನಿಯಮ ಬರೆದವಳು ನಾನು. ಬ್ಯಾಂಕಿನ ಸಾಲಪತ್ರ ಓದುತ್ತ ವಕೀಲಿಕೆ ಶುರುಮಾಡಿ, ಆಮೇಲೆ ಪಾವತಿ ಕಂಪನಿಯೊಂದರ ಕಾನೂನು ವಿಭಾಗಕ್ಕೆ ಸೇರಿ, ಎಂಟು ವರ್ಷ ನಿಮ್ಮ ಸುತ್ತೋಲೆಗಳನ್ನೇ ಉಂಡು ಹೊದ್ದು ಮಲಗಿದವಳು. ಒಬ್ಬ ಅಜ್ಜಿಯ ರಟ್ಟೆ ಹಿಡಿದು ಮೊಬೈಲ್ ಎದುರು ನಿಲ್ಲಿಸಿ, ಅವರ ಮುಖ ತೋರಿಸಿ ಖಾತೆ ದೋಚಿದ ಪ್ರಕರಣ ನಮ್ಮ ಕಂಪನಿಯಲ್ಲೇ ನಡೆದಿತ್ತು. ಅದಕ್ಕೇ ಬರೆದೆ: ವರ್ಷಕ್ಕೊಮ್ಮೆ ಖಾತೆದಾರರು ಮೊಬೈಲಿಗೆ ಮುಖ ತೋರಿಸಿ ಹೆಸರು ಹೇಳುವಾಗ ಚೌಕಟ್ಟಿನಲ್ಲಿ ಬೇರೆ ಮುಖ ಕಂಡರೆ, ಹಿನ್ನೆಲೆಯಲ್ಲಿ ಕಿರುಚಾಟ ಕೇಳಿದರೆ, ಗ್ರಾಹಕರ ದನಿ ಅಡಗಿದ್ದರೆ, ಅದು ಬಲವಂತ. ಮೊದಲ ಕರಡಿನಲ್ಲಿ "ಎಳೆಯ ಮಕ್ಕಳನ್ನು ಹೊರತುಪಡಿಸಿ" ಎಂದೂ ಇತ್ತು, ಆಣೆಗೂ ಇತ್ತು. ನಮ್ಮ ಸೀನಿಯರ್ ಕನ್ನಡಕ ಹಣೆಗೇರಿಸಿ, "ನೋಡಮ್ಮಾ, ಕಳ್ಳ ಮಗು ವೇಷದಲ್ಲಿ ಬಂದ್ರೆ ಏನ್ ಮಾಡ್ತೀಯ?" ಎಂದರು. ಆಗ ನನಗೆ ಮಕ್ಕಳಿರಲಿಲ್ಲ. ಎಂಥ ದೂರದೃಷ್ಟಿ ಎಂದುಕೊಂಡು ಆ ಮೂರು ಪದ ಹೊಡೆದುಹಾಕಿದೆ. ನೀವು ಅದನ್ನು ಎಲ್ಲ ಬ್ಯಾಂಕುಗಳಿಗೂ ಅನ್ವಯಿಸಿ ನನಗೊಂದು ಮೆಚ್ಚುಗೆ ಪತ್ರ ಕಳಿಸಿದಿರಿ. ಅದು ಈಗ ತೊಟ್ಟಿಲ ಮೇಲಿನ ಗೋಡೆಯಲ್ಲಿ ತೂಗುತ್ತಿದೆ, ಆರೋಪಿ ಅದನ್ನು ನೋಡಿ ನಗುತ್ತಾನೆ.

ನಿನ್ನೆ ನನ್ನ ಸಂಬಳದ ಖಾತೆಗೆ ಮುಖ ತೋರಿಸುವ ಸರದಿ. ಮೊದಲ ಸಲ ಮಗು ಕಂಕುಳಲ್ಲಿತ್ತು: ಎರಡು ಮುಖ, ತಿರಸ್ಕೃತ. ಎರಡನೆಯ ಸಲ ನಮ್ಮನೆಯವರು ಅವನನ್ನೆತ್ತಿಕೊಂಡು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡರು. ಒಳಗಿನಿಂದ ಅವನು ಹೂಡಿದ ರಾಗ ಬೀದಿ ಕೊನೆಗೂ ಕೇಳಿಸಿರಬೇಕು. "ಇನ್ನೂ ಎಷ್ಟು ಹೊತ್ತೇ? ನನ್ ಕಿವಿ ಹೋಯ್ತು!" ಎಂದು ಇವರೂ ಕೂಗಿದರು. ನಿಮ್ಮ ಯಂತ್ರ ಅದನ್ನು "ಇಬ್ಬರು ಒತ್ತೆಯಾಳುಗಳು" ಎಂದು ದಾಖಲಿಸಿತು. ಮೂರನೆಯ ಸಲ, ಮಗು ಮಲಗಿದ ಮೇಲೆ, ಉಸಿರು ಬಿಗಿಹಿಡಿದು ನನ್ನ ಹೆಸರನ್ನು ಪಿಸುಗುಟ್ಟಿದೆ. ದನಿಯಲ್ಲಿ ಭಯವಿದೆ ಎಂದಿತು. ಇರದೇ ಏನು? ಅವನು ಎದ್ದರೆ ಮತ್ತೆ ಮಲಗಿಸುವವರು ಯಾರು, ನೀವಾ?

ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಆ ಹುಡುಗಿಯ ದನಿಯೂ ಪಿಸುಮಾತಿಗೆ ಇಳಿಯಿತು.

"ಮೇಡಂ, ಪಕ್ಕದಲ್ಲೇ ಇದಾರಾ? ಇದ್ರೆ ಬರೀ ಒಂದ್ಸಲ ಕೆಮ್ಮಿ."

"ಮಗು ಕಣಮ್ಮಾ ಅದು!"

"ಹಾಗೆ ಹೇಳು ಅಂತ ಅವ್ರೇ ಹೇಳಿಕೊಟ್ರಾ?"

"ಅವನಿಗೆ ಮಾತೇ ಬರಲ್ಲ!"

"ಅಯ್ಯೋ, ಸನ್ನೇಲೇ ಹೆದರಿಸ್ತಾರಾ?"

ಆ ಹೊತ್ತಿಗೆ ಸರಿಯಾಗಿ ನನಗೆ ಕೆಮ್ಮು ಬಂತು. ನಿದ್ದೆಗೆಟ್ಟು ನೆಗಡಿಯಾಗಿತ್ತು, ಅಷ್ಟೇ. "ಧೈರ್ಯವಾಗಿರಿ ಮೇಡಂ, ನಮ್ಮೋರು ಬರ್ತಾರೆ," ಎಂದು ಅವಳು ಫೋನ್ ಇಟ್ಟಳು. ಪಾಪ, ಅವಳ ಮೇಲೆ ನನಗೆ ಸಿಟ್ಟಿಲ್ಲ. ಕೆಮ್ಮಿನ ಉಪಾಯವೂ ನನ್ನದೇ, ತರಬೇತಿ ಪುಸ್ತಕದ ಒಂಬತ್ತನೆಯ ಪುಟ.

ಭೇಟಿಯನ್ನು ತಡೆಯುವ ದಾರಿ ಒಂದೇ. ನಿಯಮದ ಕೊನೆಯ ಸಾಲಿನಂತೆ, ಮುಖ್ಯಸ್ಥರು ಖುದ್ದಾಗಿ ಗ್ರಾಹಕರಿಗೆ ಫೋನ್ ಮಾಡಿ, ಅವರ ಮಾತು ಕೇಳಿ ಸಮಾಧಾನವಾದರೆ ಮಾತ್ರ ರದ್ದು. ಅದನ್ನು ಬರೆದವಳೂ ನಾನೇ ಎಂದು ಬೇರೆ ಹೇಳಬೇಕೇ? ಅಷ್ಟು ದೊಡ್ಡವರು ಯಾರಿಗಾದರೂ ಎಲ್ಲಿ ಫೋನ್ ಮಾಡುತ್ತಾರೆ, ನಿಯಮ ಕಲ್ಲಿನಂತೆ ನಿಲ್ಲುತ್ತದೆ ಎಂಬ ಭರವಸೆಯಿಂದಲೇ ಬರೆದಿದ್ದೆ. "ಅಲ್ವೇ, ಎಲ್ಲಾ ಬಾಗಿಲಿಗೂ ನೀನೇ ಬೀಗ ಹಾಕಿದೀಯಲ್ಲ, ಒಂದು ಕಿಟಕಿನಾದ್ರೂ ಬಿಡಬಾರದಿತ್ತಾ?" ಎಂದು ಇವರು ತಲೆ ಚಚ್ಚಿಕೊಂಡು ಮತ್ತೆ ಮಲಗಿದ್ದಾರೆ.

ಆದ್ದರಿಂದ ನಿಮ್ಮ ಸಾರ್ವಜನಿಕ ಅಭಿಪ್ರಾಯದ ಪುಟದಲ್ಲಿ, ಊರೆಲ್ಲ ಓದುವಂತೆ, ಒಂದು ಬೇಡಿಕೆ ಇಡುತ್ತಿದ್ದೇನೆ. ನಾನು ಹೊಡೆದುಹಾಕಿದ ಆ ಮೂರು ಪದಗಳನ್ನು ವಾಪಸು ಸೇರಿಸಿ. ಕಳ್ಳ ಮಗು ವೇಷದಲ್ಲಿ ಬಂದರೆ ಬರಲಿ. ಎರಡು ಗಂಟೆಗೊಮ್ಮೆ ಎದ್ದು ಅತ್ತು ಆ ವೇಷ ನಿಭಾಯಿಸುವ ಕಳ್ಳನಿದ್ದರೆ, ಅವನು ಕದ್ದದ್ದು ಅವನಿಗೇ ಇರಲಿ.

ಆದರೆ ನಿಯಮ ತಿದ್ದಲು ನಿಮಗೆ ವರ್ಷ ಬೇಕು. ಈಗ ನಾಲ್ಕೂವರೆ, ನನಗಿರುವುದು ಮೂರೂವರೆ ಗಂಟೆ. ಎಂಟು ಹೊಡೆಯುವ ಮೊದಲು ದಯವಿಟ್ಟು ಒಂದು ಫೋನ್ ಮಾಡಿ. ನಂಬರು ನೋಟಿಸಿನಲ್ಲೇ ಇದೆ. ಇದನ್ನು ಓದುತ್ತಿರುವ ಬೇರೆ ಯಾರಾದರೂ ಮುಖ್ಯಸ್ಥರ ನೆರೆಮನೆಯವರಾಗಿದ್ದರೆ ಹೋಗಿ ಬಾಗಿಲು ತಟ್ಟಿ, ಬೈಸಿಕೊಂಡರೂ ಪರವಾಗಿಲ್ಲ. ಮೊಬೈಲನ್ನು ಡಬ್ಬಿಯಿಂದ ತೆಗೆದು ಕೈಯಲ್ಲೇ ಹಿಡಿದು ಕೂತಿದ್ದೇನೆ. ಒಂದೇ ವಿನಂತಿ: ನಾನು ಪಿಸುಮಾತಿನಲ್ಲಿ ಉತ್ತರಿಸಿದರೆ ಭಯವೆಂದು ಬರೆದುಕೊಳ್ಳಬೇಡಿ. ಮಗು ಈಗಷ್ಟೇ ಮಲಗಿದೆ. ಫೋನ್ ಮಾಡಿ.

ಇಂತಿ,
ನೀವು ಮೆಚ್ಚಿದ ನಿಯಮದ ತಾಯಿ,
ನೀವು ಶಂಕಿಸಿದ ಆರೋಪಿಯ ತಾಯಿಯೂ ಹೌದು